ಭಾನುವಾರದ ಶುಭಸಂದೇಶ ಸೋಮವಾರಕ್ಕೂ ಉಳಿಯಬೇಕಾದರೆ

ಚರ್ಚಿನಲ್ಲಿ ಭಾನುವಾರದ ಬಲಿಪೂಜೆ ಮುಗಿದು ಹತ್ತು ನಿಮಿಷ ಆದ ಮೇಲೆ ಯಾರನ್ನಾದರೂ ಕೇಳಿ ನೋಡಿ, "ಇವತ್ತಿನ ಶುಭಸಂದೇಶ ಯಾವುದು?" ಅಂತ. ಶುಭಸಂದೇಶ ಅಂದರೆ ಪೂಜೆಯಲ್ಲಿ ಓದುವ, ಯೇಸುಸ್ವಾಮಿಯ ಬದುಕು, ಮಾತು ಇರುವ ಬೈಬಲಿನ ಭಾಗ. ತುಂಬ ಜನ ತಡವರಿಸುತ್ತಾರೆ. ನಾನೂ ಎಷ್ಟೋ ವರ್ಷ ಹಾಗೇ ಇದ್ದೆ. ಎದ್ದು ನಿಂತು ಕೇಳುತ್ತಿದ್ದೆ. ಪ್ರಬೋಧನೆ ಚೆನ್ನಾಗಿದ್ದರೆ ತಲೆಯನ್ನೂ ಆಡಿಸುತ್ತಿದ್ದೆ. ಸಂಜೆ ಹೊತ್ತಿಗೆ ಒಂದು ಸಾಲೂ ನೆನಪಿರುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಅದೇ ಸಿಟ್ಟು, ಅದೇ ಗಡಿಬಿಡಿ, ಅದೇ ಹಳೇ ಮುನಿಸು.

ಭಕ್ತಿ ಕಡಿಮೆ ಇತ್ತು ಅಂತ ನನಗೆ ಅನಿಸುವುದಿಲ್ಲ. ಕೇಳಿದ್ದನ್ನು ಮನೆಗೆ ತಂದು ಎಲ್ಲಿ ಇಡಬೇಕು ಅಂತ ಗೊತ್ತಿರಲಿಲ್ಲ. "ಇನ್ನು ಮೇಲೆ ಒಳ್ಳೆಯವನಾಗಿ ಬಾಳುತ್ತೇನೆ" ಅಂತ ಪ್ರತಿ ವಾರ ಅಂದುಕೊಳ್ಳುತ್ತಿದ್ದೆ. ಅಷ್ಟು ದೊಡ್ಡ ಮಾತನ್ನು ಎಲ್ಲಿಂದ ಶುರು ಮಾಡುವುದು?

ಈಜಿಪ್ಟಿನ ಸಂತ ಅಂತೋಣಿಯವರ ಕಥೆ ನನ್ನ ಕಣ್ಣು ತೆರೆಸಿತು. ಪಾದುವಾದ ಅಂತೋಣಿ ಅಲ್ಲ, ಅವರಿಗಿಂತ ಸುಮಾರು ಸಾವಿರ ವರ್ಷ ಹಿಂದಿನವರು. ಕ್ರಿ.ಶ. 270ರ ಸುಮಾರಿಗೆ ಅವರಿನ್ನೂ ಯುವಕ. ತಂದೆ ತಾಯಿ ತೀರಿಕೊಂಡಿದ್ದರು. ಮನೆಯಲ್ಲಿ ಪುಟ್ಟ ತಂಗಿ, ಜೊತೆಗೆ ಒಳ್ಳೆಯ ಜಮೀನು. ಒಂದು ದಿನ ದೇವಾಲಯಕ್ಕೆ ಹೋದಾಗ ಮತ್ತಾಯ 19:21 ಓದುತ್ತಿದ್ದರು. ನಿನ್ನಲ್ಲಿರುವುದನ್ನು ಮಾರಿ ಬಡವರಿಗೆ ಕೊಡು, ಆಮೇಲೆ ಬಂದು ನನ್ನನ್ನು ಹಿಂಬಾಲಿಸು ಎಂಬ ಮಾತು. ತನಗಾಗಿಯೇ ಓದಿದರು ಅನ್ನಿಸಿತು ಆ ಹುಡುಗನಿಗೆ. ಹೊರಗೆ ಬಂದವನೇ ಜಮೀನನ್ನು ಊರವರಿಗೆ ಬಿಟ್ಟುಕೊಟ್ಟ. ಸಾಮಾನು ಮಾರಿ ಬಡವರಿಗೆ ಹಂಚಿದ. ತಂಗಿಗೆ ಅಂತ ಸ್ವಲ್ಪ ಇಟ್ಟುಕೊಂಡ. ಮತ್ತೊಮ್ಮೆ ದೇವಾಲಯಕ್ಕೆ ಹೋದಾಗ ನಾಳೆಯ ಚಿಂತೆ ಬೇಡ ಎಂಬ ಮಾತು ಕಿವಿಗೆ ಬಿತ್ತು. ಆ ಉಳಿದದ್ದನ್ನೂ ಕೊಟ್ಟು, ತಂಗಿಯನ್ನು ನಂಬಿಕಸ್ತ ಕನ್ಯೆಯರ ಬಳಿ ಬಿಟ್ಟ.

ನಾವೆಲ್ಲ ಮರುಭೂಮಿಗೆ ಹೋಗಬೇಕಾಗಿಲ್ಲ. ಆದರೆ ಅವರು ಕೇಳಿದ ರೀತಿ ನೋಡಿ. ಒಂದು ಸಲಕ್ಕೆ ಒಂದೇ ಸಾಲು. ಆ ಸಾಲಿಗೆ ಒಂದು ಕೆಲಸ. ಆ ಕೆಲಸ ಮುಗಿದ ಮೇಲೆ ಇನ್ನೊಂದು ಸಾಲು. ನಾನು ಹೇಳಬೇಕೆಂದಿರುವುದೂ ಇಷ್ಟೇ. ವಾರಕ್ಕೆ ಒಂದು ಸಾಲು ಹಿಡಿಯಿರಿ. ಅದನ್ನು ಹೇಗೆ ಮಾಡುವುದು ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ಶನಿವಾರ ಸಂಜೆಯೇ ಓದಿ

ಪೂಜೆಯಲ್ಲಿ ಮೊದಲ ಸಲ ಕೇಳುವ ವಾಚನ ಕಿವಿಯ ಪಕ್ಕದಲ್ಲೇ ಹಾದು ಹೋಗುತ್ತದೆ. ಯಾರು ಯಾರಿಗೆ ಹೇಳಿದರು ಅಂತ ಗೊತ್ತಾಗುವಷ್ಟರಲ್ಲಿ ಮುಗಿದೇ ಹೋಗಿರುತ್ತದೆ. ಮೊದಲೇ ಓದಿದ್ದರೆ ಆ ಎರಡು ಮೂರು ನಿಮಿಷ ಪೂರ್ತಿ ನಿಮ್ಮದು.

ಯಾವ ಭಾಗ ಓದಬೇಕು ಅಂತ ತಿಳಿಯುವುದು ಕಷ್ಟವಲ್ಲ. ಕಥೋಲಿಕ ಪೂಜಾವಿಧಿಯ ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತು ಬರುತ್ತವೆ. ಎರಡನೇ ವ್ಯಾಟಿಕನ್ ಮಹಾಸಭೆಯ (ಜಗತ್ತಿನ ಕಥೋಲಿಕ ಬಿಷಪರೆಲ್ಲ ಸೇರಿದ ಸಭೆ) ಆಶಯದಂತೆ 1969ರಲ್ಲಿ ಹೊರಬಂದ ವಾಚನಕ್ರಮ ಇದು. ಎ ವರ್ಷದಲ್ಲಿ ಮತ್ತಾಯ, ಬಿ ವರ್ಷದಲ್ಲಿ ಮಾರ್ಕ, ಸಿ ವರ್ಷದಲ್ಲಿ ಲೂಕ. ಯೊವಾನ್ನರ ಶುಭಸಂದೇಶ ಈಸ್ಟರಿಗೆ ಮುಂಚಿನ ತಪಸ್ಸುಕಾಲ ಮತ್ತು ಈಸ್ಟರಿನಿಂದ ಶುರುವಾಗುವ ಪಾಸ್ಖ ಕಾಲದಲ್ಲಿ ಜಾಸ್ತಿ ಬರುತ್ತದೆ. ಮಾರ್ಕನದು ಚಿಕ್ಕ ಪುಸ್ತಕ, ಹಾಗಾಗಿ ಬಿ ವರ್ಷದ ನಡುವೆ ಐದು ಭಾನುವಾರ ಯೊವಾನ್ನರ 6ನೇ ಅಧ್ಯಾಯ ಓದುತ್ತಾರೆ. ಜೀವದ ರೊಟ್ಟಿಯ ಮಾತು ಅದು.

ಈ ವರ್ಷ ಯಾವುದು ಅಂತ ತಿಳಿಯಲು ಒಂದು ಸುಲಭದ ಲೆಕ್ಕ ಇದೆ. ಇಸವಿಯನ್ನು 3ರಿಂದ ಭಾಗಿಸಿ. ಶೇಷ ಏನೂ ಉಳಿಯದಿದ್ದರೆ ಲೂಕ. 1 ಉಳಿದರೆ ಮತ್ತಾಯ. 2 ಉಳಿದರೆ ಮಾರ್ಕ. 2025ನ್ನು ಭಾಗಿಸಿದರೆ ಏನೂ ಉಳಿಯುವುದಿಲ್ಲ, ಅದು ಲೂಕನ ವರ್ಷ. 2026 ಮತ್ತಾಯನದು. ಒಂದು ಮಾತ್ರ ನೆನಪಿರಲಿ, ಧರ್ಮಸಭೆಯ ಹೊಸ ವರ್ಷ ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ ಶುರುವಾಗುತ್ತದೆ. ಆ ಭಾನುವಾರದಿಂದಲೇ ಮುಂದಿನ ಇಸವಿಯ ಲೆಕ್ಕ ಹಿಡಿಯಬೇಕು. ಅಧ್ಯಾಯ, ವಚನ ಎಲ್ಲ ಪೂಜಾ ಪಂಚಾಂಗದಲ್ಲಿ ಇರುತ್ತದೆ. ಇಲ್ಲವಾದರೆ ಗುರುಗಳನ್ನೋ ಉಪದೇಶಿಯವರನ್ನೋ ಕೇಳಿ, ಖುಷಿಯಿಂದ ಹೇಳುತ್ತಾರೆ.

ಎರಡನೇ ಹೆಜ್ಜೆ: ನಿಧಾನವಾಗಿ, ಬಾಯಿಬಿಟ್ಟು ಓದಿ

ಮೊದಲು ಫೋನು ಇನ್ನೊಂದು ಕೋಣೆಯಲ್ಲಿಡಿ. ಶಿಲುಬೆಯ ಗುರುತು ಹಾಕಿ, ಪವಿತ್ರಾತ್ಮರನ್ನು ಕರೆಯಿರಿ. "ಬನ್ನಿ, ನನಗೆ ಅರ್ಥ ಮಾಡಿಸಿ" ಅಂದರೂ ಸಾಕು. ಆಮೇಲೆ ಆ ಭಾಗವನ್ನು ಸಣ್ಣ ದನಿಯಲ್ಲಿ ಬಾಯಿಬಿಟ್ಟು ಓದಿ. ಕಣ್ಣಿನಲ್ಲಿ ಓದುವಾಗ ನಾವು ಗೊತ್ತಿರುವ ಕಥೆ ಅಂತ ಹಾರಿಸುತ್ತೇವೆ. ಬಾಯಿಬಿಟ್ಟು ಓದಿದರೆ ಹಾರಿಸಲು ಆಗುವುದಿಲ್ಲ.

ಒಮ್ಮೆ ಓದಿದ ಮೇಲೆ ಅದರ ಹಿಂದಿನ ಹತ್ತು ವಚನ, ಮುಂದಿನ ಹತ್ತು ವಚನವನ್ನೂ ನೋಡಿಬಿಡಿ. ಯೇಸುಸ್ವಾಮಿ ಯಾರ ಜೊತೆ ಮಾತಾಡುತ್ತಿದ್ದರು, ಯಾಕೆ ಆ ಮಾತು ಬಂತು ಅಂತ ಆಗ ತಿಳಿಯುತ್ತದೆ. ಮನಸ್ಸಿಗೆ ಬಂದ ಪುಟ ತೆರೆದು ಬೆರಳಿಟ್ಟು "ಇದೇ ದೇವರ ಉತ್ತರ" ಅನ್ನುವುದು ಬೇಡ. ಪವಿತ್ರ ಗ್ರಂಥ ಶಕುನ ನೋಡುವ ಪುಸ್ತಕ ಅಲ್ಲ.

ಹನ್ನೆರಡನೇ ಶತಮಾನದಲ್ಲಿ ಎರಡನೇ ಗಿಗೋ ಎಂಬ ಕಾರ್ಥೂಸಿಯನ್ ಸನ್ಯಾಸಿ ಈ ಓದಿಗೆ ಏಣಿಯ ಹೋಲಿಕೆ ಕೊಟ್ಟರು. ಓದು, ಮನನ, ಪ್ರಾರ್ಥನೆ, ದರ್ಶನ ಅಂತ ನಾಲ್ಕು ಮೆಟ್ಟಿಲು. ಪೋಪ್ 16ನೇ ಬೆನೆಡಿಕ್ಟ್ 2010ರಲ್ಲಿ ಇದೇ ಮೆಟ್ಟಿಲುಗಳನ್ನು ವಿವರಿಸುತ್ತ, ಓದು ಕೆಲಸವಾಗಿ ಕೈಗೆ ಇಳಿಯುವ ತನಕ ಪೂರ್ತಿಯಾಗದು ಅಂತ ನೆನಪಿಸಿದರು. ಈ ಲೇಖನ ಹೆಚ್ಚಾಗಿ ಆ ಕೊನೆಯ ಮಾತಿನ ಬಗ್ಗೆಯೇ. ನಮ್ಮಂಥ ಕೆಲಸದ ಜನ ಎಡವುವುದು ಅಲ್ಲೇ.

ಕಥೆಯಂಥ ಭಾಗ ಬಂದಾಗ ಲೊಯೋಲದ ಸಂತ ಇಗ್ನೇಷಿಯಸರು ಕಲಿಸಿದ ದಾರಿ ಒಳ್ಳೆಯದು. ಕಣ್ಣು ಮುಚ್ಚಿ ಆ ಜಾಗಕ್ಕೆ ಹೋಗಿ. ಬಿಸಿಲಿದೆಯಾ? ಜನ ಎಷ್ಟಿದ್ದಾರೆ? ನೀವೆಲ್ಲಿ ನಿಂತಿದ್ದೀರಿ? ಯೇಸುಸ್ವಾಮಿ ಮನೆಗೆ ಬಂದಾಗ ಮರಿಯಳು ಕೂತು ಅವರ ಮಾತು ಕೇಳುತ್ತಾಳೆ, ಅವಳ ಸಹೋದರಿ ಮಾರ್ತಾ ಕೆಲಸದಲ್ಲೇ ಮುಳುಗಿರುತ್ತಾಳೆ. ಆ ಕಥೆಯಲ್ಲಿ ನಾನು ಯಾವಾಗಲೂ ಬಾಗಿಲ ಬಳಿ ಇರುತ್ತೇನೆ, ಒಳಗೆ ಹೋಗಿ ಕೂರಲೂ ಆಗದೆ, ಅಡುಗೆಮನೆಗೆ ಹೋಗಿ ಮಾರ್ತಾಳಿಗೆ ಕೈಜೋಡಿಸಲೂ ಆಗದೆ. ಅದು ನನ್ನ ಬಗ್ಗೆ ನನಗೇ ಒಂದು ವಿಷಯ ಹೇಳಿಕೊಟ್ಟಿತು.

ಮೂರನೇ ಹೆಜ್ಜೆ: ಪೂಜೆಯಲ್ಲಿ ಆ ಮೂರು ಶಿಲುಬೆ

ಶುಭಸಂದೇಶಕ್ಕೆ ಮುಂಚೆ ಹಣೆ, ತುಟಿ, ಎದೆಯ ಮೇಲೆ ಹೆಬ್ಬೆರಳಿನಿಂದ ಮೂರು ಚಿಕ್ಕ ಶಿಲುಬೆ ಹಾಕುತ್ತೇವೆ. ಅಭ್ಯಾಸದಿಂದ ಕೈ ಸರಸರ ಓಡುತ್ತದೆ. ಈ ಭಾನುವಾರ ಸ್ವಲ್ಪ ನಿಧಾನ ಮಾಡಿ. ಹಣೆಯ ಮೇಲೆ: ನನಗೆ ಅರ್ಥವಾಗಲಿ. ತುಟಿಯ ಮೇಲೆ: ನನ್ನ ಮಾತಿನಲ್ಲಿ ಇರಲಿ. ಎದೆಯ ಮೇಲೆ: ಇಲ್ಲಿ ಉಳಿಯಲಿ. ಇಡೀ ವಾರದ ಕೆಲಸ ಆ ಮೂರು ಗುರುತಿನಲ್ಲಿದೆ.

ಪರಮಪ್ರಸಾದ ಸ್ವೀಕರಿಸಿ ಬಂದು ಮೊಣಕಾಲೂರಿದಾಗ ಆ ಸಾಲನ್ನು ಒಮ್ಮೆ ಪ್ರಭುವಿಗೇ ಹೇಳಿ. ಮಾತಾಡಿದವರೇ ಈಗ ನಿಮ್ಮೊಳಗೆ ಬಂದಿದ್ದಾರೆ.

ನಾಲ್ಕನೇ ಹೆಜ್ಜೆ: ಒಂದೇ ಸಾಲು ಹಿಡಿಯಿರಿ

ಯಾವ ಸಾಲು? ಚುಚ್ಚಿದ ಸಾಲು. ಇಲ್ಲವೇ ಸಮಾಧಾನ ಕೊಟ್ಟ ಸಾಲು. ಓದುವಾಗ ಎಲ್ಲೋ ಒಂದು ಕಡೆ ಮನಸ್ಸು ನಿಲ್ಲುತ್ತದೆ, "ಅಯ್ಯೋ, ಇದು ಬೇಡ" ಅನಿಸುತ್ತದೆ. ಸಾಮಾನ್ಯವಾಗಿ ಅದೇ ನಿಮ್ಮ ಸಾಲು.

ಒಂದು ಎಚ್ಚರಿಕೆ. ಕೇಳುವಾಗ "ಇದು ನನ್ನ ಗಂಡನಿಗೆ ಸರಿಯಾಗಿದೆ", "ಆ ನಾದಿನಿ ಇದನ್ನು ಕೇಳಬೇಕಿತ್ತು" ಅಂತ ಅನಿಸಿದರೆ, ಆ ಸಾಲು ಬಿಡಿ, ಬೇರೆ ಹುಡುಕಿ. ಬೇರೆಯವರ ಕಣ್ಣಿನ ಕಸ ಕಾಣುತ್ತದೆ, ತನ್ನ ಕಣ್ಣಿನ ತೊಲೆ ಕಾಣುವುದಿಲ್ಲ ಎಂಬ ಮಾತು ಮತ್ತಾಯ 7ರಲ್ಲಿ ಇರುವುದು ನಮ್ಮ ಈ ಅಭ್ಯಾಸಕ್ಕಾಗಿಯೇ.

ಎಲ್ಲ ಸಾಲೂ ಮಾಡಬೇಕಾದ ಕೆಲಸ ಹೇಳುವುದಿಲ್ಲ, ಇದನ್ನೂ ಹೇಳಿಬಿಡುತ್ತೇನೆ. ಕೆಲವು ಸುಮ್ನೆ ಹಿಡಿದುಕೊಂಡು ಕೂರುವಂಥವು. ದಣಿದವರೇ ನನ್ನ ಬಳಿಗೆ ಬನ್ನಿ ಎಂಬ ಮತ್ತಾಯ 11:28. ಮನೆಯಲ್ಲಿ ಕಾಯಿಲೆ ಇದ್ದಾಗ, ಸಾವಾದಾಗ, ಇಡೀ ವಾರ ಆ ಒಂದೇ ಸಾಲು ಸಾಕು. ಆಗ ಪಟ್ಟಿ ಮಾಡಿಕೊಂಡು ಒದ್ದಾಡಬೇಡಿ.

ಐದನೇ ಹೆಜ್ಜೆ: ಯಾರು, ಯಾವಾಗ, ಏನು

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಇದು. ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ಸಾಲು ಬರೆದು, ಕೆಳಗೆ ಮೂರು ಪದ ಬರೆಯಿರಿ: ಯಾರು, ಯಾವಾಗ, ಏನು. ಮೂರಕ್ಕೂ ಉತ್ತರ ಬೇಕು. "ಎಲ್ಲರನ್ನೂ ಪ್ರೀತಿಸುತ್ತೇನೆ" ಅಂದರೆ ಯಾರನ್ನೂ ಪ್ರೀತಿಸಬೇಕಾಗಿಲ್ಲ, ಅಲ್ವಾ? ಒಬ್ಬರ ಹೆಸರು ಬರೆದ ಕೂಡಲೇ ಪೆನ್ನು ಭಾರ ಆಗುತ್ತದೆ.

ನನ್ನ ನೋಟ್‌ಬುಕ್ಕಿನ ಒಂದು ಪುಟ ತೋರಿಸುತ್ತೇನೆ. ಅದಕ್ಕೆ ಮೊದಲು ಆ ವಾರದ ಸಾಮತಿ ಹೇಳಬೇಕು. ಮತ್ತಾಯ 18:21-35, ಕ್ಷಮಿಸದ ಸೇವಕನ ಕಥೆ. ಎ ವರ್ಷದ ಸಾಧಾರಣ ಕಾಲದ (ದೊಡ್ಡ ಹಬ್ಬಗಳ ಕಾಲ ಬಿಟ್ಟು ಉಳಿದ ದಿನಗಳು) 24ನೇ ಭಾನುವಾರ ಬರುತ್ತದೆ.

ಅದರಲ್ಲಿ ಎರಡು ಸಾಲ ಇದೆ. ಸೇವಕ ಒಡೆಯನಿಗೆ ಕೊಡಬೇಕಾದದ್ದು ಹತ್ತು ಸಾವಿರ ತಲಾಂತು. ಅವನ ಜೊತೆ ಕೆಲಸ ಮಾಡುವವನು ಅವನಿಗೆ ಕೊಡಬೇಕಾದದ್ದು ನೂರು ದೆನಾರಿ. ದೆನಾರಿ ಅಂದರೆ ಒಬ್ಬ ಆಳಿನ ಒಂದು ದಿನದ ಕೂಲಿ. ತಲಾಂತು ಅಂದರೆ ಸುಮಾರು 6,000 ದೆನಾರಿ. ಗುಣಿಸಿ ನೋಡಿ: ಮೊದಲನೆಯ ಸಾಲ ಆರು ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು 2 ಲಕ್ಷ ವರ್ಷ ಬೇಕು. ಅವನು ಕಾಲು ಹಿಡಿದು "ಸ್ವಲ್ಪ ತಾಳ್ಮೆ ಇರಲಿ, ಎಲ್ಲ ಕೊಟ್ಟುಬಿಡುತ್ತೇನೆ" ಅನ್ನುತ್ತಾನೆ! ಒಡೆಯನಿಗೆ ಅದು ಆಗದ ಮಾತು ಅಂತ ಗೊತ್ತು. ಮನ ಕರಗಿ ಪೂರ್ತಿ ಮನ್ನಾ ಮಾಡುತ್ತಾನೆ. ಹೊರಗೆ ಬಂದ ಆ ಸೇವಕ ಮಾತ್ರ ತನ್ನ ಜೊತೆಯವನ ಸಾಲ ಬಿಡದೆ ಅವನನ್ನು ಸೆರೆಗೆ ಹಾಕಿಸುತ್ತಾನೆ.

ಎರಡನೆಯ ಸಾಲ ಏನೂ ಅಲ್ಲ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಹಾಗಲ್ಲ. ನೂರು ದಿನದ ಕೂಲಿ ಅಂದರೆ ಮೂರು ತಿಂಗಳಿಗೂ ಜಾಸ್ತಿ ಸಂಬಳ. ಬಡವನಿಗೆ ಅದು ದೊಡ್ಡ ಪೆಟ್ಟೇ. ಯೇಸುಸ್ವಾಮಿ ನಮ್ಮ ನೋವನ್ನು ಚಿಕ್ಕದು ಮಾಡುತ್ತಿಲ್ಲ. "ನಿನಗೆ ಆದ ನಷ್ಟ ನಿಜ, ನನಗೆ ಗೊತ್ತು. ಆದರೆ ನಿನಗೆ ಸಿಕ್ಕಿರುವ ಮನ್ನಾ ನೆನಪಿಸಿಕೋ" ಅನ್ನುತ್ತಿದ್ದಾರೆ. ಈ ಲೆಕ್ಕ ಗೊತ್ತಾದ ಮೇಲೆ ಆ ಕಥೆ ನನ್ನನ್ನು ಬಿಡಲಿಲ್ಲ.

ಯಾಕೆಂದರೆ ನನ್ನ ತಮ್ಮ ನನ್ನ ಹತ್ತಿರ ಸಾಲ ಪಡೆದು ವಾಪಸ್ ಕೊಟ್ಟಿರಲಿಲ್ಲ. ಎರಡು ವರ್ಷದಿಂದ ನಾವು ಮಾತಾಡುತ್ತಿರಲಿಲ್ಲ. ಮನೆಯ ಸಮಾರಂಭಗಳಲ್ಲಿ ಅವನು ಒಂದು ಮೂಲೆ, ನಾನು ಒಂದು ಮೂಲೆ. ನೋಟ್‌ಬುಕ್ಕಿನ ಪುಟ ಹೀಗಿದೆ:

ಸಾಲು: ನಾನು ನಿನಗೆ ದಯೆ ತೋರಿಸಿದ ಹಾಗೆ ನೀನೂ ತೋರಿಸಬೇಕಿತ್ತಲ್ಲವೇ?
ಯಾರು: ತಮ್ಮ.
ಯಾವಾಗ: ಬುಧವಾರ ರಾತ್ರಿ 8ಕ್ಕೆ.
ಏನು: ಫೋನ್ ಮಾಡುವುದು. ದುಡ್ಡಿನ ಮಾತು ಎತ್ತಬಾರದು.

"ತಮ್ಮನನ್ನು ಕ್ಷಮಿಸುವುದು" ಅಂತ ಬರೆಯಲಿಲ್ಲ, ನೋಡಿ. ಅಷ್ಟು ದೊಡ್ಡದು ನನ್ನ ಕೈಲಿ ಆಗುತ್ತಿರಲಿಲ್ಲ. ಫೋನ್ ಮಾಡುವುದು ಆಗುತ್ತಿತ್ತು.

ಬುಧವಾರ ಎಂಟು ಗಂಟೆಗೆ ಹೆಸರು ಒತ್ತಿದೆ. ನಾಲ್ಕು ಸಲ ರಿಂಗ್ ಆಯಿತು. "ಏನಣ್ಣಾ, ಏನಾದ್ರೂ ಆಯ್ತಾ?" ಅವನ ದನಿಯಲ್ಲಿ ಗಾಬರಿ. ಅಮ್ಮನಿಗೇನೋ ಆಗಿದೆ ಅಂದುಕೊಂಡಿದ್ದ. "ಏನಿಲ್ಲ ಕಣೋ, ಸುಮ್ನೆ ಮಾಡಿದೆ" ಅಂದೆ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಮಗಳ ಪರೀಕ್ಷೆ ಹೇಗಾಯಿತು ಅಂತ ಕೇಳಿದೆ. ಹೇಳಿದ. ನಾಲ್ಕು ನಿಮಿಷದ ಮಾತು ಅಷ್ಟೇ. ಫೋನ್ ಇಟ್ಟ ಮೇಲೆ ನನ್ನ ಅಂಗೈ ಬೆವೆತಿದ್ದು ಗೊತ್ತಾಯಿತು. ದುಡ್ಡು ಇವತ್ತಿಗೂ ಬಂದಿಲ್ಲ. ಆದರೆ ಈಗ ಅವನು ಆಗಾಗ ಫೋನ್ ಮಾಡುತ್ತಾನೆ, ನಾನು ಎತ್ತುತ್ತೇನೆ.

ಸಿಟ್ಟು ಪೂರ್ತಿ ಹೋಯಿತಾ ಅಂತ ಕೇಳಿದರೆ, ಇಲ್ಲ. ಇದರ ಬಗ್ಗೆ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ 2843ನೇ ಪರಿಚ್ಛೇದದಲ್ಲಿ ಹೇಳುವ ಮಾತು ನನಗೆ ದೊಡ್ಡ ನೆಮ್ಮದಿ ಕೊಟ್ಟಿತು. ಆದ ನೋವನ್ನು ಅನುಭವಿಸದೆ ಇರುವುದು, ಮರೆತುಬಿಡುವುದು ನಮ್ಮ ಕೈಯಲ್ಲಿಲ್ಲ. ಮನಸ್ಸನ್ನು ಪವಿತ್ರಾತ್ಮರಿಗೆ ಒಪ್ಪಿಸಿದರೆ ಆ ಗಾಯ ಕರುಣೆಯಾಗಿ ಬದಲಾಗುತ್ತದೆ, ಆ ವ್ಯಕ್ತಿಗಾಗಿ ಪ್ರಾರ್ಥನೆಯಾಗುತ್ತದೆ. ಅಂದರೆ ಕ್ಷಮೆ ಭಾವನೆಯಿಂದ ಶುರುವಾಗಬೇಕಿಲ್ಲ. ಆ ವ್ಯಕ್ತಿಗಾಗಿ ಒಂದು ಪ್ರಾರ್ಥನೆಯಿಂದ ಶುರುವಾಗಬಹುದು.

ಇನ್ನೊಂದು ಮಾತು, ಇದನ್ನು ಖಂಡಿತ ಓದಿ. ಮನೆಯಲ್ಲಿ ಹೊಡೆತ ತಿನ್ನುವವರಿಗೆ "ಕ್ಷಮಿಸು, ಇನ್ನೊಂದು ಕೆನ್ನೆ ತೋರಿಸು" ಅಂತ ಕೆಲವರು ಬುದ್ಧಿ ಹೇಳುತ್ತಾರೆ. ದಯವಿಟ್ಟು ಹೇಳಬೇಡಿ. ಮಹಾಯಾಜಕನ ಮುಂದೆ ಒಬ್ಬ ಕಾವಲುಗಾರ ಕೆನ್ನೆಗೆ ಹೊಡೆದಾಗ ಯೇಸುಸ್ವಾಮಿಯೇ "ನನ್ನನ್ನು ಯಾಕೆ ಹೊಡೆಯುತ್ತೀಯೆ?" ಅಂತ ನೇರವಾಗಿ ಕೇಳಿದರು. ಯೊವಾನ್ನ 18:23ರಲ್ಲಿ ಇದೆ. ಸೇಡು ಬೇಡ ಅಂದರು, ಅನ್ಯಾಯವನ್ನು ಅನ್ಯಾಯ ಅನ್ನಬೇಡ ಅಂತ ಹೇಳಲಿಲ್ಲ. ಹೊಡೆತ ಬೀಳುತ್ತಿದ್ದರೆ ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ, ಸಹಾಯ ಕೇಳಿ, ಕಾನೂನಿನ ಮೊರೆ ಹೋಗಿ. ಕ್ಷಮೆಯ ದಾರಿಯನ್ನು ಅಲ್ಲಿಂದ ನಡೆಯಬಹುದು.

ಬೇರೆ ಸಾಲುಗಳಿಗೂ ಇದೇ ದಾರಿ

ಒಳ್ಳೆಯ ಸಮಾರಿಯದವನ ಕಥೆ, ಲೂಕ 10. ಸಹಾಯ ಮಾಡು ಅಂತ ಎಲ್ಲರಿಗೂ ಗೊತ್ತು. ಆದರೆ ಅವನು ಏನೇನು ಮಾಡಿದ ಅಂತ ಬೆರಳು ಮಡಚಿ ಎಣಿಸಿ ನೋಡಿ. ಕಳ್ಳರಿಂದ ಪೆಟ್ಟು ತಿಂದು ದಾರಿಯಲ್ಲಿ ಬಿದ್ದಿದ್ದವನ ಹತ್ತಿರ ಹೋದ. ಎಣ್ಣೆ, ದ್ರಾಕ್ಷಾರಸ ಹೊಯ್ದ. ಗಾಯ ಕಟ್ಟಿದ. ತನ್ನ ಪ್ರಾಣಿಯ ಮೇಲೆ ಕೂರಿಸಿದ. ಛತ್ರಕ್ಕೆ ಕರೆದುಕೊಂಡು ಹೋಗಿ ಆರೈಕೆ ಮಾಡಿದ. ಮಾರನೇ ದಿನ ಎರಡು ದೆನಾರಿ, ಅಂದರೆ ಎರಡು ದಿನದ ಕೂಲಿ, ಛತ್ರದವನ ಕೈಗೆ ಕೊಟ್ಟ. "ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ" ಅಂದ. ಆಮೇಲೆ ತನ್ನ ದಾರಿ ಹಿಡಿದು ಹೋದ. ತನ್ನ ಕೆಲಸ ಪೂರ್ತಿ ಬಿಡಲಿಲ್ಲ, ಇನ್ನೊಬ್ಬನನ್ನೂ ಜೊತೆಗೆ ಸೇರಿಸಿಕೊಂಡ, ಮತ್ತೆ ಬರುತ್ತೇನೆ ಅಂದ. ಕಾಯಿಲೆಯ ಅತ್ತೆಯನ್ನೋ ಅಪ್ಪನನ್ನೋ ಒಬ್ಬರೇ ನೋಡಿಕೊಂಡು ಸುಸ್ತಾಗಿರುವವರು ಈ ಕೊನೆಯ ಭಾಗ ಮತ್ತೆ ಮತ್ತೆ ಓದಬೇಕು. ನಿಮ್ಮ ವಾರದ ಕೆಲಸ "ಶನಿವಾರ ಮಧ್ಯಾಹ್ನ ಎರಡು ಗಂಟೆ ನೀನು ಬಂದು ಕೂತ್ಕೋ ಅಂತ ಅಕ್ಕನಿಗೆ ಕೇಳುವುದು" ಅಂತಲೂ ಇರಬಹುದು. ಅದೂ ಈ ಶುಭಸಂದೇಶವನ್ನು ಬದುಕುವುದೇ.

ನಿಮ್ಮ ಮಾತು ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದಿರಲಿ (ಮತ್ತಾಯ 5:37). ಇದಕ್ಕೆ: "ದಾರಿಯಲ್ಲಿದ್ದೀನಿ" ಅಂತ ಮನೆಯಲ್ಲೇ ಕೂತು ಫೋನಿನಲ್ಲಿ ಹೇಳುವುದನ್ನು ಈ ವಾರ ನಿಲ್ಲಿಸುವುದು. ಚಿಕ್ಕದು ಅನಿಸುತ್ತದೆ. ಒಂದು ವಾರ ಮಾಡಿ ನೋಡಿ.

ಎಡಗೈಗೆ ಗೊತ್ತಾಗದ ಹಾಗೆ ಕೊಡುವುದು (ಮತ್ತಾಯ 6:3). ಇದಕ್ಕೆ: ಒಂದು ಒಳ್ಳೆಯ ಕೆಲಸ ಮಾಡಿ, ಮನೆಯವರಿಗೂ ಹೇಳದೆ ಇರುವುದು, ಫೋಟೋ ತೆಗೆಯದೆ ಇರುವುದು.

ತಂದೆ ತಾಯಿಯನ್ನು ದ್ವೇಷಿಸಬೇಕು ಎಂಬಂತೆ ಕೇಳುವ ಲೂಕ 14:26 ಓದಿ ಎಷ್ಟೋ ಜನ ಬೆಚ್ಚುತ್ತಾರೆ. ಅದನ್ನು ಮತ್ತಾಯ 10:37ರ ಪಕ್ಕದಲ್ಲಿಟ್ಟು ಓದಿ. ಅಲ್ಲಿ "ನನಗಿಂತ ಹೆಚ್ಚಾಗಿ ಪ್ರೀತಿಸುವವನು" ಅಂತ ಇದೆ. ಯಾರಿಗೆ ಮೊದಲ ಜಾಗ ಅನ್ನುವುದನ್ನು ಆ ಕಾಲದ ಜನ ಹೀಗೆ ಗಟ್ಟಿಯಾಗಿ ಹೇಳುತ್ತಿದ್ದರು. ಕಣ್ಣು ಕಿತ್ತುಹಾಕು ಎಂಬ ಮಾತೂ ಹಾಗೆಯೇ. ಕಷ್ಟದ ವಚನ ಬಂದಾಗ ಅಡಿಟಿಪ್ಪಣಿ ನೋಡಿ, ಗುರುಗಳನ್ನು ಕೇಳಿ. ನಾವು ಧರ್ಮಸಭೆಯ ಜೊತೆ ಓದುವವರು, ಒಬ್ಬರೇ ಕೂತು ತೀರ್ಪು ಕೊಡುವವರಲ್ಲ.

ಆರನೇ ಹೆಜ್ಜೆ: ಆ ಹೊತ್ತು ಬಂದಾಗ

ಬರೆದದ್ದು ಸುಲಭ. ಬುಧವಾರ ಎಂಟು ಗಂಟೆ ಆದಾಗ ಮನಸ್ಸು ನೂರು ನೆಪ ಹುಡುಕುತ್ತದೆ. ಆಗ ಉದ್ದದ ಪ್ರಾರ್ಥನೆಗೆ ಹೊತ್ತಿಲ್ಲ. "ಯೇಸುವೇ, ಜೊತೆಗಿರಿ" ಅಂದು ಶುರು ಮಾಡಿಬಿಡಿ.

ಲಿಸ್ಯೂ ಮಠದ ಸಂತ ತೆರೇಸಾ ಇದರಲ್ಲಿ ನನಗೆ ಗುರು. 1897ರಲ್ಲಿ ತೀರಿಕೊಂಡಾಗ ಅವರಿಗೆ 24 ವರ್ಷ. ಮಠದಲ್ಲಿ ಒಬ್ಬ ಸಹೋದರಿಯನ್ನು ಕಂಡರೆ ಅವರಿಗೆ ಆಗುತ್ತಲೇ ಇರಲಿಲ್ಲ. ಆ ಸಹೋದರಿಯ ನಡೆ, ನುಡಿ ಎಲ್ಲವೂ ಕಿರಿಕಿರಿ. ತೆರೇಸಾ ಏನು ಮಾಡಿದರು? ಆಕೆ ಎದುರಾದಾಗಲೆಲ್ಲ ಆಕೆಗಾಗಿ ಪ್ರಾರ್ಥಿಸಿದರು. ಚುಚ್ಚಿ ಉತ್ತರಿಸಬೇಕು ಅನಿಸಿದಾಗ ಮುಗುಳ್ನಕ್ಕು ಮಾತು ಬದಲಿಸಿದರು. ತಡೆಯಲಾಗದೇ ಹೋದಾಗ ಅಲ್ಲಿಂದ ಎದ್ದು ಓಡಿಹೋದದ್ದೂ ಉಂಟು. ಒಂದು ದಿನ ಆಕೆಯೇ ಬಂದು, ನನ್ನಲ್ಲಿ ನಿಮಗೆ ಅಷ್ಟು ಇಷ್ಟವಾಗುವುದು ಏನು ಅಂತ ಕೇಳಿದಳಂತೆ! ಆ ಎದ್ದು ಓಡುವ ಭಾಗ ನನಗೆ ಬಹಳ ಇಷ್ಟ. ಕೆಲವು ಸಲ ಜಾಗ ಖಾಲಿ ಮಾಡುವುದೇ ಆ ಹೊತ್ತಿನ ಪ್ರೀತಿ.

ನೆನಪಿಗೆ ಸಾಲನ್ನು ಚೀಟಿಯಲ್ಲಿ ಬರೆದು ಕನ್ನಡಿಯ ಮೇಲೆ ಅಂಟಿಸಬಹುದು, ಫೋನಿನಲ್ಲಿ ಅಲಾರಂ ಇಡಬಹುದು. ನನಗೆ ಅಲಾರಂ ಒಗ್ಗಿದೆ.

ಏಳನೇ ಹೆಜ್ಜೆ: ರಾತ್ರಿ ಐದು ನಿಮಿಷ

ಮಲಗುವ ಮುಂಚೆ ದಿನವನ್ನು ಹಿಂದಿರುಗಿ ನೋಡುವ ಪ್ರಾರ್ಥನೆಗೆ ಆತ್ಮಶೋಧನೆ ಅನ್ನುತ್ತೇವೆ. ಇಗ್ನೇಷಿಯಸರು ಇದನ್ನು ಐದು ಹಂತದಲ್ಲಿ ಕಲಿಸಿದರು. ಮೊದಲು ಕೃತಜ್ಞತೆ. ಆಮೇಲೆ ನನ್ನ ತಪ್ಪು ನನಗೆ ಕಾಣುವಂತೆ ಮಾಡಿ ಎಂಬ ಬೇಡಿಕೆ. ಮೂರನೆಯದು ಬೆಳಗಿನಿಂದ ರಾತ್ರಿ ತನಕ ಗಂಟೆ ಗಂಟೆಯಾಗಿ ನೋಡುವುದು. ನಾಲ್ಕನೆಯದು ಕ್ಷಮೆ ಕೇಳುವುದು. ಐದನೆಯದು ನಾಳೆ ತಿದ್ದಿಕೊಳ್ಳುತ್ತೇನೆ ಅನ್ನುವುದು.

ನಾವು ಸಾಮಾನ್ಯವಾಗಿ ನೇರ ಮೂರನೆಯದಕ್ಕೆ ಹಾರುತ್ತೇವೆ, ತಪ್ಪು ಎಣಿಸಿ ಬೇಜಾರಿನಲ್ಲಿ ಮಲಗುತ್ತೇವೆ. ಕೃತಜ್ಞತೆ ಮೊದಲು ಬಂದಿರುವುದಕ್ಕೆ ಕಾರಣ ಇದೆ. ಪ್ರೀತಿಸುವವರ ಮುಂದೆ ಕೂತಿದ್ದೇವೆ ಅಂತ ಗೊತ್ತಾದ ಮೇಲೆ ತಪ್ಪು ಒಪ್ಪಿಕೊಳ್ಳಲು ಭಯ ಇರುವುದಿಲ್ಲ. ಇವತ್ತಿನ ಮೂರು ವಿಷಯಕ್ಕೆ ಹೆಸರಿಟ್ಟು ವಂದನೆ ಹೇಳಿ. ಯಾರೋ ಬಸ್ಸಿನಲ್ಲಿ ಜಾಗ ಬಿಟ್ಟರು, ಮಗು ನಕ್ಕಿತು, ತಲೆನೋವು ಇರಲಿಲ್ಲ. ಆಮೇಲೆ ವಾರದ ಸಾಲನ್ನು ನೆನಪಿಸಿಕೊಳ್ಳಿ. ನೋಟ್‌ಬುಕ್ಕಿನಲ್ಲಿ ಆದರೆ ಟಿಕ್ ಹಾಕಿ, ಆಗದಿದ್ದರೆ ಯಾಕೆ ಅಂತ ಎರಡು ಪದ. ಹೆಚ್ಚು ಬರೆಯಬೇಡಿ.

ತಪ್ಪಿದಾಗ

ತಪ್ಪುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಟಿಕ್‌ಗಿಂತ ಖಾಲಿ ಜಾಗ ಜಾಸ್ತಿ. ಬುಧವಾರ ಆಗಲಿಲ್ಲವೇ, ಶುಕ್ರವಾರಕ್ಕೆ ಹೊತ್ತು ಬದಲಿಸಿ. ಮೂರು ವಾರ ಒಂದೇ ಕೆಲಸ ಮುಂದಕ್ಕೆ ಹೋಗುತ್ತಿದ್ದರೆ ಅದು ದೊಡ್ಡದಾಯಿತು ಅಂತ ಅರ್ಥ. ಅರ್ಧಕ್ಕೆ ಇಳಿಸಿ. ಫೋನ್ ಆಗದಿದ್ದರೆ ಒಂದು ಮೆಸೇಜು. ಅದೂ ಆಗದಿದ್ದರೆ ಆ ವ್ಯಕ್ತಿಗಾಗಿ ಪ್ರಭು ಕಲಿಸಿದ ಪ್ರಾರ್ಥನೆ ಒಂದು ಸಲ.

ಮತ್ತೆ ಮತ್ತೆ ಒಂದೇ ಕಡೆ ಬೀಳುತ್ತಿದ್ದರೆ ಪಾಪನಿವೇದನೆಗೆ ಹೋಗಿ. ನೋಟ್‌ಬುಕ್ಕಿನಿಂದ ಇಲ್ಲೊಂದು ಉಪಯೋಗ ಇದೆ. "ಸಿಟ್ಟು ಮಾಡಿದೆ, ಸುಳ್ಳು ಹೇಳಿದೆ" ಅಂತ ಚಿಕ್ಕಂದಿನಲ್ಲಿ ಕಲಿತ ಪಟ್ಟಿಯನ್ನೇ ಒಪ್ಪಿಸುವ ಬದಲು ನಿಜವಾಗಿ ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ ಅಂತ ಹೇಳಲು ಬರುತ್ತದೆ. ಗುರುಗಳಿಗೂ ಬುದ್ಧಿಮಾತು ಹೇಳಲು ಅನುಕೂಲ. ಪ್ರತಿ ಚಿಕ್ಕ ವಿಷಯಕ್ಕೂ ಪಾಪ ಅಂತ ಹೆದರಿ ನಡುಗುವ ಸ್ವಭಾವ ಇದ್ದರೆ ನೋಟ್‌ಬುಕ್ ಸದ್ಯಕ್ಕೆ ಬೇಡ. ಯಾವಾಗಲೂ ಒಬ್ಬರೇ ಗುರುಗಳ ಬಳಿ ಹೋಗಿ, ಅವರು ಹೇಳಿದ್ದನ್ನು ನಂಬಿ ನಡೆಯಿರಿ.

ಮನೆಯವರ ಜೊತೆ

ಮಕ್ಕಳಿಗೆ ಮೂರು ಪದದ ನೋಟ್‌ಬುಕ್ ಹೇರಬೇಡಿ. ಭಾನುವಾರ ಊಟಕ್ಕೆ ಕೂತಾಗ ಒಂದೇ ಪ್ರಶ್ನೆ ಸಾಕು: "ಇವತ್ತಿನ ಕಥೆಯಲ್ಲಿ ನಿನಗೆ ಯಾರು ಇಷ್ಟವಾದರು?" ಉತ್ತರ ಏನೇ ಬರಲಿ, ತಿದ್ದಬೇಡಿ. ಮನೆ ಬಿಟ್ಟುಹೋದ ಕಿರಿಮಗ ವಾಪಸ್ ಬಂದಾಗ ತಂದೆ ಔತಣ ಮಾಡಿಸಿದ, ತಪ್ಪಿಹೋದ ಮಗನ ಕಥೆ ಓದಿದ ಭಾನುವಾರ ನಮ್ಮ ಮನೆಯ ಎಂಟು ವರ್ಷದ ಹುಡುಗಿ "ದೊಡ್ಡ ಅಣ್ಣ ಇಷ್ಟ, ಅವನು ಪಾಪ, ಅವನಿಗೆ ಯಾರೂ ಪಾರ್ಟಿ ಕೊಡಲಿಲ್ಲ" ಅಂದಳು. ನಾವು ದೊಡ್ಡವರು ಸುಮ್ಮನಾಗಿಬಿಟ್ಟೆವು. ಆಮೇಲೆ ಲೂಕ 15 ಮತ್ತೆ ತೆಗೆದು ನೋಡಿದರೆ, ತಂದೆ ಆ ದೊಡ್ಡ ಮಗನನ್ನು ಹುಡುಕಿಕೊಂಡೂ ಮನೆಯಿಂದ ಹೊರಗೆ ಬಂದಿದ್ದಾನೆ, ಒಳಗೆ ಬಾ ಅಂತ ಬೇಡಿಕೊಂಡಿದ್ದಾನೆ. ಅಷ್ಟು ವರ್ಷ ನಾನು ಅದನ್ನು ಗಮನಿಸಿರಲಿಲ್ಲ.

ಪವಿತ್ರ ಗ್ರಂಥ ಮನೆಯಲ್ಲಿ ಕೈಗೆ ಸಿಗುವ ಜಾಗದಲ್ಲಿರಲಿ, ಕಪಾಟಿನ ಮೇಲೆ ಬಟ್ಟೆ ಸುತ್ತಿ ಇಟ್ಟರೆ ಯಾರೂ ತೆಗೆಯುವುದಿಲ್ಲ. ಪೋಪ್ ಫ್ರಾನ್ಸಿಸ್ 2019ರಲ್ಲಿ ಸಾಧಾರಣ ಕಾಲದ 3ನೇ ಭಾನುವಾರವನ್ನು ದೇವರ ವಾಕ್ಯದ ಭಾನುವಾರ ಅಂತ ಗೊತ್ತುಮಾಡಿದರು. ಜೇಬಿನಲ್ಲಿ ಹಿಡಿಸುವ ಶುಭಸಂದೇಶದ ಪುಸ್ತಕ ಜೊತೆಗಿಟ್ಟುಕೊಳ್ಳಿ ಅಂತ ಅವರು ಎಷ್ಟೋ ಸಲ ಹೇಳುತ್ತಿದ್ದರು. ಪವಿತ್ರ ಗ್ರಂಥ ಅರಿಯದವರು ಕ್ರಿಸ್ತರನ್ನೇ ಅರಿಯರು ಎಂಬ ಸಂತ ಜೆರೋಮರ ಮಾತನ್ನು ಎರಡನೇ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ನಮಗೆಲ್ಲ ನೆನಪಿಸಿತು.

ಈ ಶನಿವಾರವೇ ಶುರು ಮಾಡಿ. ನೋಟ್‌ಬುಕ್ ಇಲ್ಲದಿದ್ದರೆ ಹಳೇ ಕ್ಯಾಲೆಂಡರಿನ ಹಿಂಬದಿ ಸಾಕು. ಮೇಲೆ ದಿನಾಂಕ, ಕೆಳಗೆ ಒಂದು ಸಾಲು, ಅದರ ಕೆಳಗೆ ಒಬ್ಬರ ಹೆಸರು. ಹೆಸರು ಬರೆಯಲು ಕೈ ತಡೆದರೆ ಹೆದರಬೇಡಿ. ನನ್ನ ಪುಟದಲ್ಲಿ "ತಮ್ಮ" ಎಂಬ ಪದದ ಮುಂದೆ ಎರಡು ಸಲ ಹೊಡೆದು ಹಾಕಿದ ಗುರುತು ಈಗಲೂ ಇದೆ.